ಉಡಿಯಕ್ಕಿ ವಾಪಸ್ ಹಾಕಲಿಲ್ಲ

ನನ್ನಣ್ಣ ದಾವಣಗೆರೆಯಲ್ಲಿ ವಕೀಲ, ಮಾತಿನ ಮಲ್ಲ. ಒಮ್ಮೆ ಹರಿಹರದ ಮಹಿಳಾ ಸಮಾಜಕ್ಕೆ ಬಂದು ಭಾಷಣ ಬಿಗಿದ. ಜಗತ್ತಿನ ರಾಷ್ಟ್ರಗಳೆಲ್ಲ ಒಂದೆಡೆ ಕೂತು ಹೆಣ್ಣು ಗಂಡು ಸಮ ಎಂದು ಸಾರಿವೆಯಂತೆ. ನಮ್ಮ ಹೊಸ ಕಾಯಿದೆಯೂ ಅಪ್ಪನ ಸ್ವಂತ ಆಸ್ತಿಯಲ್ಲಿ ಮಗಳಿಗೆ ಪಾಲು ಕೊಟ್ಟಿದೆಯಂತೆ, ಗಂಡ ಬಿಟ್ಟವಳು ಅಪ್ಪನ ಮನೆಯಲ್ಲಿ ಹಕ್ಕಿನಿಂದ ಇರಬಹುದಂತೆ. ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಲ್ಲಿ ಕೂತು ನಾನೂ ತಟ್ಟಿದೆ.

ನನ್ನ ಗಂಡ ಇನ್ನೊಬ್ಬಳನ್ನು ತಂದುಕೊಂಡು ನನ್ನನ್ನೂ ಮಗಳನ್ನೂ ಹೊರಗೆ ಹಾಕಿದ್ದ. ಹರಿಹರದಲ್ಲಿ ಸೋರುವ ಬಾಡಿಗೆ ಕೋಣೆಯಲ್ಲಿದ್ದೆವು. ಅದನ್ನೂ ಖಾಲಿ ಮಾಡಿ ಅಂದಿದ್ದರು. ಅಷ್ಟು ದಿನ ಸತ್ತೆಯಾ ಬದುಕಿದೆಯಾ ಎಂದು ಕೇಳದ ಅಣ್ಣ, ಅಪ್ಪ ತೀರಿಕೊಂಡ ಮರುವರ್ಷ ಪಂಚಮಿ ಹಬ್ಬಕ್ಕೆ ಕರೆಯಲು ತಾನೇ ಬಂದ. ಹುಚ್ಚಿ ನಾನು, ಕಣ್ಣೀರು ಹಾಕಿಕೊಂಡು ಮಗಳ ಜೊತೆ ದಾವಣಗೆರೆಗೆ, ಅಪ್ಪ ಕಟ್ಟಿಸಿದ ಮನೆಗೆ ಹೋದೆ.

ಹಬ್ಬ ಮುಗಿಸಿ ಹೊರಟಾಗ ಅತ್ತಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಇಟ್ಟು ಉಡಿ ತುಂಬಿದಳು. ಭಾರದ ಸೆರಗು ಹಿಡಿದು ನಿಂತಿರುವಾಗಲೇ ಅಣ್ಣ ಅಪ್ಪನ ಆಸ್ತಿಯ ಹಕ್ಕು ಬಿಡುಗಡೆ ಪತ್ರ ಮುಂದಿಟ್ಟ.

"ತಂಗಿ, ಇದಕ್ಕೊಂದು ಸೈ ಮಾಡು. ಉಡಿ ತುಂಬಿಸ್ಕೊಂಡು ತವರಿಗೆ ಇಲ್ಲ ಅನಬಾರ್ದು."

ಮೈಯೆಲ್ಲ ಉರಿದುಹೋಯಿತು. ಉಡಿ ತುಂಬಿದ್ದೇ ಬಾಯಿ ಮುಚ್ಚಿಸಲು!

"ಹರಿಹರದಾಗ ಏನು ಹೇಳಿದ್ದೆ ಅಣ್ಣಾ?"

"ಅದು ಭಾಷಣ. ಮನಿ ಮಾತು ಬ್ಯಾರೆ ಐತೆ."

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!

ಉಡಿ ತುಂಬಿಸಿಕೊಂಡ ಮಗಳು ಹೊಸ್ತಿಲು ದಾಟುವ ಮೊದಲು ಒಂದು ಹಿಡಿ ಅಕ್ಕಿಯನ್ನು ದೇವರ ಮುಂದೆ ವಾಪಸ್ ಹಾಕುವುದು ನಮ್ಮ ಪದ್ಧತಿ, ತವರಿನ ಸಿರಿ ತವರಲ್ಲೇ ಉಳಿಯಲೆಂದು. ನಾನು ಸೈಯನ್ನೂ ಮಾಡಲಿಲ್ಲ, ಅಕ್ಕಿಯನ್ನೂ ಹಾಕಲಿಲ್ಲ. ಅತ್ತಿಗೆ ಕಂಗಾಲಾದಳು.

"ಯವ್ವಾ, ಅಕ್ಕಿ ಹಾಕು! ಮನಿಗೆ ಒಳ್ಳೇದಲ್ಲ!"

"ಬಿಟ್ಟು ಹೋಗೋಳು ಹಾಕ್ತಾಳ ಅತ್ತಿಗೆ. ನಾನೆಲ್ಲಿಗೆ ಹೋಗ್ಲಿ? ಇದು ನನ್ನ ಮನಿನೂ ಹೌದು."

ಸೀದಾ ಅಡುಗೆಮನೆಗೆ ಹೋಗಿ ಉಡಿಯಕ್ಕಿ ತೊಳೆದು ಒಲೆಗಿಟ್ಟೆ. ಬಾಗಿಲಲ್ಲಿ ನಿಂತು ಅಣ್ಣ ಕೂಗಾಡಿದ.

"ಕೋರ್ಟಿಗೆ ಎಳೀತೀನಿ!"

"ಎಳಿ. ನಿನ್ನ ಭಾಷಣ ಕೇಳಿದ ಹೆಂಗಸ್ರನ್ನೆಲ್ಲ ಸಾಕ್ಷಿಗೆ ಕರೀತೀನಿ."

ಅವನು ಪತ್ರ ಮಡಿಚಿ ಜೇಬಿಗಿಟ್ಟುಕೊಂಡ. ಅನ್ನವಾದಾಗ ಮೊದಲು ಅವನಿಗೇ ಬಡಿಸಿದೆ. ಒಂದೊಂದು ತುತ್ತನ್ನೂ ನುಂಗಲಾರದೆ ನುಂಗುತ್ತಿದ್ದ. ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

"ಇನ್ನಷ್ಟು ಹಾಕ್ಲೇನಣ್ಣಾ?" ಎಂದೆ. "ಬ್ಯಾಡಂದ್ರೆ ಬಿಡು. ನಾಳಿಗೂ ನಾನೇ ಬಡಿಸ್ತೀನಿ."