ಬೀಗ ಬಿದ್ದ ಸಭಾಭವನದ ಮುಂದೆ

ವೆಂಕಟೇಶಮೂರ್ತಿಯವರಿಗೆ ರಾಜಕಾರಣಿಗಳ ಬೆನ್ನು ಚೆನ್ನಾಗಿ ಗೊತ್ತಿತ್ತು. ಕೋಲಾರ, ಚಿಂತಾಮಣಿ, ಶ್ರೀನಿವಾಸಪುರದ ಕಡೆ ಇಪ್ಪತ್ತು ವರ್ಷ ಮೈಕ್‌ಸೆಟ್ ಕಟ್ಟಿದವರು ಅವರು. ವೇದಿಕೆಯ ಹಿಂದೆ ಆಂಪ್ಲಿಫೈಯರ್ ಪಕ್ಕ ಕೂತವರಿಗೆ ಭಾಷಣಕಾರರ ಮುಖ ಕಾಣುವುದಿಲ್ಲ. "ಎಲ್ಲ ಪಾರ್ಟಿಗೂ ನಾನೇ ಕಟ್ತಿದ್ದೆ ಸಾರ್. ಬಂದ್ರು, ಮಾತಾಡಿದ್ರು, ಕಾರ್ ಹತ್ತಿದ್ರು. ಜನ ಏನಂತಾರೆ ಅಂತ ನಿಂತು ಕೇಳಿಸ್ಕೊಂಡೋರನ್ನ ನಾನಂತೂ ನೋಡ್ಲಿಲ್ಲ," ಎಂದು ಅವರು ನನಗೆ ಹೇಳಿದ್ದುಂಟು.

ಹೆಂಡತಿ ನೀರಜಾಗೆ ಐರ್ಲೆಂಡಿನ ಕಾರ್ಕ್ ನಗರದ ಹಾಲಿಹಿಲ್ ಬಡಾವಣೆಯ ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಾಗ ಮೂರ್ತಿಯವರಿಗೆ ನಲವತ್ತಾರು. ನಗರದಲ್ಲಿ ಬಾಡಿಗೆ ಮನೆ ಸಿಗದೆ, ಅಲ್ಲಿಂದ ಮುಕ್ಕಾಲು ಗಂಟೆ ದೂರದ ಕಿಲ್‌ಡರ್ರಾ ಎಂಬ ಸಣ್ಣ ಊರಿನಲ್ಲಿ ಮನೆ ಹಿಡಿದರು. ಒಂದೇ ಬೀದಿ, ಒಂದು ಚರ್ಚು, ನಾಲ್ಕು ಪಬ್ಬು, ಊರವರೇ ಸಮಿತಿ ಮಾಡಿಕೊಂಡು ನಡೆಸುವ ಒಂದು ಸಭಾಭವನ. ಅಲ್ಲಿನ ಸ್ಪೀಕರು ಯಾರು ಬಾಯಿ ತೆರೆದರೂ ಕುಯ್ಯೆನ್ನುತ್ತಿತ್ತು. ಮೂರ್ತಿಯವರು ಒಂದು ಸಂಜೆ ಸ್ಕ್ರೂಡ್ರೈವರ್ ಹಿಡಿದು ಹೋಗಿ ಅದನ್ನು ಸರಿಮಾಡಿ ಬಂದರು. ತಿಂಗಳೊಳಗೆ ಅವರೇ ಅದರ ಕೇರ್‌ಟೇಕರ್ ಆದರು. ಕುರ್ಚಿ ಹಾಕುವುದು, ಭವನ ಬೆಚ್ಚಗಿಡುವ ಬಾಯ್ಲರ್ ಹಚ್ಚುವುದು, ಬೀಗ ತೆಗೆಯುವುದು, ಹಾಕುವುದು. ಹನ್ನೊಂದು ವರ್ಷ ಹೀಗೆಯೇ ಸಾಗಿತು. ನಡುವೆ ಆ ದೇಶದ ಪೌರತ್ವವೂ ಬಂತು.

ಸಮಿತಿಯ ಅಧ್ಯಕ್ಷ ಮಾರಿಸ್ ಟೂಮಿ ಎಪ್ಪತ್ತು ದಾಟಿದ ದನದ ವ್ಯಾಪಾರಿ, ಮಾತು ಕಡಿಮೆ. ಮೂರ್ತಿಯವರಿಗೆ ಊರಿನ ಸಂಗತಿಗಳನ್ನು ಕಲಿಸಿದವನು ಅವನೇ. ಒಂದು ಸಂಗತಿಯನ್ನು ಮಾತ್ರ ಅವನು ಹೇಳಿರಲಿಲ್ಲ, ಬೇರೆಯವರು ಹೇಳಿದರು. ಹಿಂದೆ ಕಿಲ್‌ಡರ್ರಾದಲ್ಲಿ ಸಣ್ಣದೊಂದು ಆಸ್ಪತ್ರೆ ಇತ್ತು. ಖರ್ಚು ಹೆಚ್ಚೆಂದು ಸರ್ಕಾರ ಅದರ ತುರ್ತು ಚಿಕಿತ್ಸೆಯ ವಿಭಾಗವನ್ನು ಮುಚ್ಚಿತು. ಮುಚ್ಚಿದ ಮರುವರ್ಷ ಒಂದು ಭಾನುವಾರ ಮಧ್ಯಾಹ್ನ ಮಾರಿಸ್‌ನ ಹೆಂಡತಿ ಬ್ರೈಡಿಗೆ ಎದೆನೋವು ಬಂತು. ನಗರದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಆಂಬುಲೆನ್ಸಿನಲ್ಲೇ ಅವಳು ತೀರಿಕೊಂಡಳು.

ಮುಚ್ಚುವ ಆದೇಶಕ್ಕೆ ಸಹಿ ಹಾಕಿದ ಮಂತ್ರಿಯ ಹೆಸರು ಡರ್ವ್ಲಾ ಕ್ವಿಲ್ಟಿ. ಆ ಹೆಸರನ್ನು ಊರಿನ ಪಬ್ಬಿನಲ್ಲಿ ಯಾರೂ ಬೈಗುಳ ಸೇರಿಸದೆ ಹೇಳುತ್ತಿರಲಿಲ್ಲ. ಈಗ ಅದೇ ಹೆಂಗಸು ರಾಷ್ಟ್ರಪತಿ ಚುನಾವಣೆಗೆ ನಿಂತಿದ್ದಳು. ಐರ್ಲೆಂಡಿನಲ್ಲಿ ರಾಷ್ಟ್ರಪತಿಯನ್ನು ಜನರೇ ನೇರವಾಗಿ ಆರಿಸುವುದು. ಹಾಗಾಗಿ ಅಭ್ಯರ್ಥಿಗಳು ಊರೂರು ತಿರುಗುತ್ತಾರೆ. ಆದರೂ ಡರ್ವ್ಲಾ ಕ್ವಿಲ್ಟಿ ಕಿಲ್‌ಡರ್ರಾಗೆ ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನಕ್ಕೆ ಸಭಾಭವನ ಬೇಕೆಂದು ಅವಳ ಕಡೆಯಿಂದ ಇಮೇಲ್ ಬಂತು. ವಿಷಯ ತಿಳಿಯದ ಸಮಿತಿಯ ಹೊಸ ಕಾರ್ಯದರ್ಶಿ ಒಪ್ಪಿಯೂಬಿಟ್ಟ.

ಶನಿವಾರ ಬೆಳಿಗ್ಗೆ ಮಾರಿಸ್ ಬಂದು ಮೂರ್ತಿಯವರ ಮುಂದೆ ನಿಂತ.

"ಬಾಗಿಲು ತೆಗೀಬೇಡ. ಬಾಯ್ಲರ್ ಕೆಟ್ಟಿದೆ ಅಂತ ಹೇಳು."

"ಬಾಯ್ಲರ್ ಚೆನ್ನಾಗೇ ಇದೆ, ಮಾರಿಸ್. ನಿನ್ನೆ ತಾನೇ ಸರ್ವಿಸ್ ಆಯ್ತು."

"ಅದು ನನಗೂ ಗೊತ್ತು."

"ಬೀಗ ಹಾಕು ಅಂದ್ರೆ ಹಾಕ್ತೀನಿ, ಅದು ನನ್ನ ಕೆಲಸ. ಸುಳ್ಳು ಮಾತ್ರ ನನ್ನ ಕೈಲಿ ಹೇಳಿಸಬೇಡಿ."

ಮಾರಿಸ್ "ಸರಿ, ಏನು ಬೇಕಾದ್ರೂ ಹೇಳ್ಕೋ," ಎಂದು ಹೊರಟುಹೋದ.

ಎರಡು ಗಂಟೆಗೆ ಒಂದು ಹಳೆಯ ಚಿಕ್ಕ ಕಾರು ಬಂತು. ಇಳಿದದ್ದು ಅರವತ್ತೈದರ ಆಸುಪಾಸಿನ ಕುಳ್ಳನೆಯ ಹೆಂಗಸು, ಜೊತೆಗೆ ಫೋನು ಹಿಡಿದ ಒಬ್ಬ ಯುವತಿ, ಅಷ್ಟೇ. ಮೂರ್ತಿಯವರು ಪೊಲೀಸ್ ಜೀಪಿಗಾಗಿ ಹಿಂದೆ ನೋಡಿದರು. ಯಾವುದೂ ಬರಲಿಲ್ಲ.

"ಹಾಲ್‌ಗೆ ಬೀಗ ಹಾಕಿದೆ ಮೇಡಂ," ಎಂದರು. "ಸಮಿತಿಯವರು ಬುಕಿಂಗ್ ಕ್ಯಾನ್ಸಲ್ ಮಾಡಿದ್ದಾರೆ. ಕೀ ನನ್ನ ಜೇಬಲ್ಲೇ ಇದೆ, ಆದ್ರೆ ತೆಗೆಯೋ ಹಾಗಿಲ್ಲ. ಅವರಿಗೆ ನೀವು ಇಲ್ಲಿ ಮಾತಾಡೋದು ಬೇಕಾಗಿಲ್ಲ."

ಯುವತಿಯ ಮುಖ ಕೆಂಪಾಯಿತು. ಡರ್ವ್ಲಾ ಮಾತ್ರ ತಲೆಯಾಡಿಸಿದಳು. "ನೇರವಾಗಿ ಹೇಳಿದಿರಿ, ಒಳ್ಳೇದಾಯ್ತು. ಈ ಫುಟ್‌ಪಾತ್ ಸಮಿತಿಯದ್ದಾ?"

"ಅಲ್ಲ, ಅದು ರಸ್ತೆಗೆ ಸೇರಿದ್ದು."

"ಹಾಗಾದ್ರೆ ಇಲ್ಲೇ ನಿಲ್ತೀನಿ."

ಅವಳು ಸಭಾಭವನದ ಮೋಟುಗೋಡೆಯ ಪಕ್ಕ ನಿಂತಳು. ಜಿನುಗುಮಳೆ ಹಿಡಿದಿತ್ತು. ಪಬ್ಬುಗಳಿಂದ, ಅಂಗಡಿಗಳಿಂದ ಜನ ಹೊರಬಂದರು. ಹತ್ತು ನಿಮಿಷದಲ್ಲಿ ಅರವತ್ತು ಎಪ್ಪತ್ತು ಮಂದಿ ಸೇರಿದರು. ಯಾರೂ ಭಾಷಣ ಕೇಳಲು ಬಂದಿರಲಿಲ್ಲ. ಅವಳೂ ಭಾಷಣ ಮಾಡಲಿಲ್ಲ. "ನಾನು ಯಾರು ಅಂತ ನಿಮಗೆ ಗೊತ್ತು. ನಿಮಗೆ ಹೇಳೋದಿದ್ದರೆ ಹೇಳಿ," ಎಂದಳು.

ಹೇಳಿದರು. ಒಬ್ಬಳು ಬಸುರಿ ಮಗಳನ್ನು ಕಾರಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ನಗರದ ಆಸ್ಪತ್ರೆಗೆ ಕರೆದೊಯ್ದ ಕತೆ ಹೇಳಿದಳು. ಒಬ್ಬ ಬರೀ ಬೈದ, ಬೈಗುಳ ಮುಗಿದ ಮೇಲೆ ಮತ್ತೆ ಮೊದಲಿನಿಂದ ಬೈದ. ಜೊತೆಗಿದ್ದ ಯುವತಿ ಚಿತ್ರೀಕರಿಸಲು ಫೋನು ಎತ್ತಿದಾಗ ಡರ್ವ್ಲಾ ಅವಳ ಕೈಯನ್ನು ಮೆಲ್ಲನೆ ಕೆಳಗಿಳಿಸಿದಳು. ಕೊಡೆ ಕೊಟ್ಟರೆ ಬೇಡವೆಂದಳು. ಒಂದು ಗಂಟೆ ಕಳೆಯಿತು, ಇನ್ನರ್ಧ ಗಂಟೆ ಕಳೆಯಿತು. ಕೋಟು ನೆನೆದು ತೊಟ್ಟಿಕ್ಕುತ್ತಿತ್ತು. ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತೇ ಇದ್ದಳು. ಯಾರಿಗೂ ಎದುರುತ್ತರ ಕೊಡಲಿಲ್ಲ, ಅಳಲೂ ಇಲ್ಲ.

"ಮೈ ಜುಮ್ಮಂತು ಸಾರ್," ಎಂದರು ಮೂರ್ತಿಯವರು ನನ್ನ ಬಳಿ. "ಬೈಯೋಕೆ ಅಂತ ಬಂದ ಜನಾನೇ ಆಮೇಲಾಮೇಲೆ ದನಿ ಇಳಿಸಿಬಿಟ್ರು."

ಆಗ ಗುಂಪು ತಾನಾಗಿಯೇ ದಾರಿ ಬಿಟ್ಟಿತು. ಮಾರಿಸ್ ಬಂದು ಎದುರು ನಿಂತ.

"ನನ್ನ ಹೆಂಡತಿ ಹೆಸರು..."

"ಬ್ರೈಡಿ," ಎಂದಳು ಡರ್ವ್ಲಾ. "ನೀವು ಮಾರಿಸ್ ಟೂಮಿ. ಅವರ ಸಾವಿನ ವಿಚಾರಣೆಯ ವರದಿ ಓದಿದ್ದೀನಿ, ಒಂದಲ್ಲ ಅನೇಕ ಸಲ. ಇಲ್ಲಿಂದ ಆಸ್ಪತ್ರೆಗೆ ಇಪ್ಪತ್ತೆರಡು ನಿಮಿಷ ಅಂತ ನನಗೆ ಕೊಟ್ಟ ಕಾಗದದಲ್ಲಿತ್ತು. ನಂಬಿ ಸಹಿ ಹಾಕಿದೆ. ಈ ರಸ್ತೆಗೆ ಬಂದು ನೋಡಲಿಲ್ಲ."

ಮಾರಿಸ್ ರಸ್ತೆಯ ಕಡೆ ಕೈ ತೋರಿಸಿದ.

"ಈಗ ಬಂದು ನೋಡ್ತೀರಾ?"

"ನೋಡ್ತೀನಿ."

"ಮೇಡಂ, ಐದಕ್ಕೆ ಮುಂದಿನ ಊರಲ್ಲಿ ಮೀಟಿಂಗ್ ಇದೆ, ಟಿವಿಯವರು ಬರ್ತಾರೆ," ಎಂದಳು ಯುವತಿ.

"ಫೋನ್ ಮಾಡಿ, ಬರಲ್ಲ ಅಂತ ಹೇಳು."

ಮಾರಿಸ್ ತನ್ನ ಕಾರು ತಂದ. ಮೂರ್ತಿಯವರ ಕಡೆ ತಿರುಗಿ, "ನೀನೂ ಹತ್ತು. ನಾನು ಈಯಮ್ಮನಿಗೆ ಏನೋ ಮಾಡಿಬಿಟ್ಟೆ ಅಂತ ನಾಳೆ ಯಾರೂ ಹೇಳಬಾರದು," ಎಂದ. ಹೀಗೆ ಮೂರ್ತಿಯವರು ಹಿಂದಿನ ಸೀಟಿನಲ್ಲಿ ಕೂತರು. ರಾಷ್ಟ್ರಪತಿ ಆಗಬಹುದಾದ ಹೆಂಗಸು ಒದ್ದೆ ಕೋಟಿನಲ್ಲೇ ಮುಂದಿನ ಸೀಟಿನಲ್ಲಿ ಕೂತಳು.

ಎರಡು ಕಡೆ ಬೇಲಿ ಒತ್ತಿಕೊಂಡ ಕಿರಿದಾದ ರಸ್ತೆ. ಒಂದು ತಿರುವಾದ ಮೇಲೆ ಇನ್ನೊಂದು ತಿರುವು. ಹುಲ್ಲು ಹೇರಿದ ಟ್ರೈಲರ್ ಒಂದು ಮುಂದೆ ಸಿಕ್ಕಿ ಎರಡು ಮೈಲಿ ಅದರ ಹಿಂದೆಯೇ ಹೋಗಬೇಕಾಯಿತು. ಮಾರಿಸ್ ಹಾರ್ನ್ ಮಾಡಲಿಲ್ಲ. ಡರ್ವ್ಲಾ ಗಡಿಯಾರ ನೋಡುತ್ತಿದ್ದಳು. ಇಪ್ಪತ್ತೆರಡು ನಿಮಿಷವಾದಾಗ ಸುತ್ತ ಬರೀ ಹೊಲಗಳಿದ್ದವು. ಅವಳು ಕೈಯನ್ನು ತೊಡೆಯ ಮೇಲಿಟ್ಟು ಮತ್ತೆ ಗಡಿಯಾರ ನೋಡಲಿಲ್ಲ.

ಒಂದು ಕಬ್ಬಿಣದ ಗೇಟಿನ ಹತ್ತಿರ ಮಾರಿಸ್ ಕಾರು ನಿಲ್ಲಿಸಿದ. "ಇಲ್ಲಿ," ಎಂದ.

ಮೂವರೂ ಇಳಿದರು. ಗೇಟಿನಾಚೆ ಹಸುಗಳು ಮೇಯುತ್ತಿದ್ದವು. ಡರ್ವ್ಲಾ ಮಾರಿಸ್‌ನನ್ನು ಕೇಳಿದಳು: "ಬ್ರೈಡಿ ಹೇಗಿದ್ದರು?"

ಹನ್ನೊಂದು ವರ್ಷದಲ್ಲಿ ಮೂರ್ತಿಯವರ ಮುಂದೆ ಒಮ್ಮೆಯೂ ಹೆಂಡತಿಯ ಹೆಸರೆತ್ತದ ಮಾರಿಸ್ ಅಂದು ಆ ಗೇಟು ಹಿಡಿದುಕೊಂಡು ಮಾತಾಡಿದ. ಅವಳು ಚರ್ಚಿನಲ್ಲಿ ಹಾಡುವಾಗ ಶ್ರುತಿ ತಪ್ಪುತ್ತಿದ್ದಳು, ಆದರೂ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದಳು. ಆಟದ ಮೈದಾನದಲ್ಲಿ ರೆಫರಿಗೆ ಬೈದು ಎರಡು ಸಲ ಹೊರಹಾಕಿಸಿಕೊಂಡಿದ್ದಳು. ಆಂಬುಲೆನ್ಸಿನಲ್ಲೂ, ಒಲೆ ಮೇಲೆ ಆಲೂಗಡ್ಡೆ ಇದೆ, ಆರಿಸಿ ಬಂದೆಯಾ ಎಂದೇ ಕೇಳಿದಳು. ಹೇಳುತ್ತ ಹೇಳುತ್ತ ಅವನು ಒಮ್ಮೆ ನಕ್ಕ. ನಕ್ಕದ್ದಕ್ಕೆ ಅವನಿಗೇ ಆಶ್ಚರ್ಯವಾದಂತಿತ್ತು.

"ನಾನು ಕ್ಷಮೆ ಕೇಳಲ್ಲ," ಎಂದಳು ಡರ್ವ್ಲಾ. "ಕೇಳಿದ್ರೆ ಕೊಡೋದೋ ಬಿಡೋದೋ ಅನ್ನೋ ಭಾರ ಮತ್ತೆ ನಿಮ್ಮ ಮೇಲೇ ಬೀಳುತ್ತೆ. ತಪ್ಪು ನನ್ನದು. ಅದನ್ನ ನಿಮ್ಮೆದುರು ನಿಂತು ಹೇಳಬೇಕಿತ್ತು. ತಡವಾಗಿ ಬಂದೆ."

ಮಾರಿಸ್ ಕಾರಿನ ಬಾಗಿಲು ತೆಗೆದ. "ರಸ್ತೆ ಇನ್ನೂ ಇದೆ, ಹತ್ತಿ," ಎಂದ. ನಗರದ ಆಸ್ಪತ್ರೆಯ ಗೇಟಿನವರೆಗೂ ಹೋಗಿ, ಅಲ್ಲೇ ಕಾರು ತಿರುಗಿಸಿಕೊಂಡು ಬಂದರು. ಹೋಗಲು ನಲವತ್ತೇಳು ನಿಮಿಷ, ದಾರಿಯ ಕಬ್ಬಿಣದ ಗೇಟಿನ ಬಳಿ ನಿಂತದ್ದನ್ನು ಬಿಟ್ಟು.

ಮನೆಯಲ್ಲಿ ನೀರಜಾ ಗಾಬರಿಯಾಗಿದ್ದರು. "ರೀ, ನಿಮಗ್ಯಾಕೆ ಬೇಕಿತ್ತು ಇವರ ಊರಿನ ಉಸಾಬರಿ? ಕೆಲಸ ಹೋದ್ರೆ?"

"ಹೋಗ್ಲಿ ಬಿಡೇ," ಎಂದರು ಮೂರ್ತಿ. "ನಾನು ಇವತ್ತು ನೋಡಿದ್ದು ನಿಂಗೆ ಹೇಗೆ ಹೇಳ್ಲಿ. ಆಯಮ್ಮ ಬಂದಿದ್ದೇ ದೊಡ್ಡದು ಅನ್ಕೊಂಡಿದ್ದೆ. ಆದ್ರೆ ಮಾರಿಸ್ ಕೂಡ ಕಾರ್ ಬಾಗಿಲು ತೆಗೆದನಲ್ಲ, ಅದೇನು ಕಡಿಮೆಯೇ?" ಎನ್ನುತ್ತ ಕಾಫಿ ಲೋಟ ಹಿಡಿದವರು ಕುಡಿಯುವುದನ್ನೇ ಮರೆತರು.

ಕೆಲಸ ಹೋಗಲಿಲ್ಲ. ಟಿವಿಯಲ್ಲಿ ಆ ಶನಿವಾರದ ಬಗ್ಗೆ ಒಂದು ಮಾತೂ ಬರಲಿಲ್ಲ, ಐದು ಗಂಟೆಯ ಸಭೆಗೆ ಅಭ್ಯರ್ಥಿ ಬಾರದಿದ್ದ ಸುದ್ದಿಯೊಂದನ್ನು ಬಿಟ್ಟು. ಎರಡು ವಾರದ ಬಳಿಕ ಮತದಾನ ಅದೇ ಸಭಾಭವನದಲ್ಲಿ ನಡೆಯಿತು. ಬಾಗಿಲು ತೆಗೆದು, ಬಾಯ್ಲರ್ ಹಚ್ಚಿ, ಮೂರ್ತಿಯವರು ತಾವೂ ಆ ದೇಶದಲ್ಲಿ ಮೊದಲ ಮತ ಹಾಕಿದರು. ಡರ್ವ್ಲಾ ಕ್ವಿಲ್ಟಿ ಗೆಲ್ಲಲಿಲ್ಲ. ಮೂವರಲ್ಲಿ ಎರಡನೆಯವಳಾಗಿ ಸೋತಳು. ಕಿಲ್‌ಡರ್ರಾದ ಪೆಟ್ಟಿಗೆ ಬಿಚ್ಚುವಾಗ ಪಕ್ಕ ನಿಂತು ನೋಡಿದವರ ಪ್ರಕಾರ ಅಲ್ಲಿ ಅವಳಿಗೆ ನೂರ ಹನ್ನೆರಡು ಮತ ಬಿದ್ದಿತ್ತು. ಹತ್ತೂ ಬೀಳದೆಂದು ಎಲ್ಲರೂ ಅಂದುಕೊಂಡಿದ್ದರು.

ಮಾರನೆಯ ದಿನ ಕುರ್ಚಿ ಜೋಡಿಸುವಾಗ ಮೂರ್ತಿಯವರು ತಡೆಯಲಾರದೆ ಕೇಳಿದರು: "ನೀವು ಅವರಿಗೆ ಹಾಕಿದ್ರಾ, ಮಾರಿಸ್?"

ಆ ದೇಶದಲ್ಲಿ ಒಂದೇ ಹೆಸರಿಗೆ ಗುರುತು ಹಾಕಿ ಬರುವುದಲ್ಲ. ಇಷ್ಟದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಬರೆಯುತ್ತಾರೆ. ಬೇಡದವರ ಮುಂದೆ ಖಾಲಿ ಬಿಡಬಹುದು.

"ಒಂದು ಅಂತ ಬರೆಯೋಕೆ ಕೈ ಬರಲಿಲ್ಲ," ಎಂದ ಮಾರಿಸ್. ಇನ್ನೊಂದು ಕುರ್ಚಿ ಎತ್ತಿಟ್ಟ. "ಖಾಲಿ ಬಿಡೋಕೂ ಬರಲಿಲ್ಲ. ಎರಡು ಅಂತ ಬರೆದೆ."