ಇಟಲಿಯವನು ಬಿಟ್ಟ ತೂತು

ಉಪಗ್ರಹಗಳ ಇಂಧನದ ಟ್ಯಾಂಕು ಸೋರದಂತೆ ನೋಡಿಕೊಳ್ಳುವುದು ರೆಡೊಂಡೊ ಬೀಚಿನ ಬಸವಪ್ರಸಾದನ ಹೊಟ್ಟೆಪಾಡು. ಮನೆಯ ನಲ್ಲಿ ಸೋರಿದರೆ ಮಾತ್ರ ಪ್ಲಂಬರನನ್ನು ಕರೆಯುತ್ತಾನೆ, ಆ ಮಾತು ಬೇರೆ. ಇಂಥವನು ಕೊರೋನಾ ಕಾಲದಲ್ಲಿ ಮನೆಯಲ್ಲೇ ಕೂತು ತಲೆ ಕೆಟ್ಟು, ಐವತ್ತು ವರ್ಷ ಹಳೆಯ ಇಟಲಿ ಕಾರೊಂದನ್ನು ಕೊಂಡುತಂದ. ಎರಡೇ ಸೀಟು, ಬಟ್ಟೆಯ ಟಾಪು, ದೋಣಿಯಂತೆ ಇಳಿಜಾರಾದ ಹಿಂಭಾಗ.

ಅದರ ಅಂದಕ್ಕೆ ಅವನು ಮರುಳಾದದ್ದು ನಿಜ. ಕೂತಲ್ಲಿಂದಲೇ ಒಂದೇ ಕೈಯಲ್ಲಿ ಟಾಪನ್ನು ಹಿಂದಕ್ಕೆ ಮಡಚಬಹುದು. ಎಂಜಿನ್ನಿನ ತಲೆಯ ಮೇಲೆ ವಾಲ್ವು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟು ಒಂದಲ್ಲ, ಎರಡು. ಆದರೆ ಸಿಕ್ಕವರಿಗೆಲ್ಲ ಹೇಳುತ್ತಿದ್ದದ್ದು ಮಾತ್ರ ಅದರ ತಪ್ಪುಗಳನ್ನೇ. ಕಾರ್ಪೆಟ್ ಕಿತ್ತಾಗ ಸೀಟಿನ ಹಿಂದೆ, ನೆಲದಲ್ಲಿ ತೂತುಗಳು ಕಂಡವು. "ನೋಡು, ಇಟಲಿ ಮಂದಿ ಚಂದ ಮಾಡ್ತಾರ, ಗಟ್ಟಿ ಮಾಡಂಗಿಲ್ಲ," ಎಂದು ಹೆಂಡತಿ ಶೀತಲ್‌ಗೆ ಹೇಳಿ, ರಾಕೆಟ್ಟಿಗೆ ಬಳಿಯುವ ಸೀಲಂಟನ್ನೇ ತಂದು ತೂತುಗಳಿಗೆ ಮೆತ್ತಿ ಮುಚ್ಚಿದ.

ಶೀತಲ್‌ಗೆ ಗ್ಯಾರೇಜು ಬೇಕಿತ್ತು, ಕಾರು ಬೇಕಿರಲಿಲ್ಲ. "ಖಂಡೇನವಮಿಗೆ ಸ್ಯಾನ್ ಡಿಯೇಗೋದ ನಮ್ಮ ಕಾಕಾನ ಮನಿಗೆ ಇದರಾಗ ಕರಕೊಂಡು ಹೋಗ್ರಿ. ನೆಟ್ಟಗ ಮುಟ್ಟಿಸಿದ್ರ ಇಟ್ಕೋರಿ. ಇಲ್ಲಂದ್ರ ಮಾರಿಬಿಡ್ರಿ," ಅಂದಳು.

ಹಬ್ಬದ ಬೆಳಿಗ್ಗೆ ಪೂಜೆಗೆ ಮುಂಚೆ ಗಾಡಿಗೆ ಸ್ನಾನ ಆಗಲೇಬೇಕಲ್ಲ. ಇಂಥ ಮುದುಕಿ ಗಾಡಿಯನ್ನು ಇಟ್ಟುಕೊಂಡವರು ಒದ್ದೆ ಬಟ್ಟೆಯಲ್ಲಿ ಒರೆಸಿ ಸುಮ್ಮನಾಗುತ್ತಾರೆ. ಇವನು ಟಾಪು ಮುಚ್ಚಿ, ಪೈಪು ಹಿಡಿದು, ಎಮ್ಮೆ ಮೈ ತೊಳೆದ ಹಾಗೆ ತೊಳೆದ. ವಿಭೂತಿ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಹೆಂಡತಿಯನ್ನು ಕೂರಿಸಿಕೊಂಡು ಹೊರಟ.

ಫ್ರೀವೇಯಲ್ಲಿ ಹಿಂದೆ ಏನೋ ಗುಳುಗುಳು ಅನ್ನುತ್ತಿತ್ತು. "ಪೆಟ್ರೋಲು," ಅಂದ ಸೋರಿಕೆ ತಜ್ಞ. ಕಾಕಾನ ಮನೆಯಿದ್ದ ಬಡಾವಣೆ ಫೋರ್ ಎಸ್ ರ್ಯಾಂಚಿನ ಇಳಿಜಾರಿನಲ್ಲಿ ಕೆಂಪು ಸಿಗ್ನಲ್ ಬಿತ್ತು, ಬ್ರೇಕ್ ಒತ್ತಿದ. ಟಾಪಿನ ಸಂದುಗಳಿಂದ ಇಳಿದು ಸೀಟಿನ ಹಿಂದೆ ನಿಂತಿದ್ದ ನೀರೆಲ್ಲ ಒಮ್ಮೆಲೇ ಮುಂದೆ ನುಗ್ಗಿ, ಶೀತಲಳ ಹೊಸ ಇಳಕಲ್ ಸೀರೆಯನ್ನು ಮೊಣಕಾಲಿನವರೆಗೆ ತೋಯಿಸಿತು.

ತೂತುಗಳು ಯಾಕಿದ್ದವು ಅಂತ ಆಗ ಹೊಳೆಯಿತು. ಬಟ್ಟೆಯ ಟಾಪು ಸೋರಿಯೇ ಸೋರುತ್ತದೆ ಅಂತ ಕಾರು ಮಾಡಿದವನಿಗೆ ಗೊತ್ತಿತ್ತು. ಬಂದ ನೀರು ಹೋಗಲಿ ಅಂತ ದಾರಿ ಬಿಟ್ಟಿದ್ದ. ಮಂಗನ ಕೈಗೆ ಮಾಣಿಕ್ಯ ಕೊಟ್ಟರೆ ಇನ್ನೇನಾದೀತು ಅಂದುಕೊಂಡ ಬಸವಪ್ರಸಾದ. ನೆಟ್ಟಗೆ ಮುಟ್ಟಿಸುವ ಶರತ್ತು ಸೋತಾಗಿತ್ತು. ಕಾರೂ ಕೈತಪ್ಪಿದಂತೆಯೇ.

ಮನೆ ಮುಟ್ಟಿದಾಗ ಬಾಗಿಲಲ್ಲಿ ನಿಂತಿದ್ದ ಕಾಕಾ ಮಹಾಂತಪ್ಪನವರು, "ಯಾಕವ್ವಾ, ಸೀರಿ ಹಿಂಗ್ಯಾಕ ತೋಯ್ದದ?" ಅಂದರು.

ಶೀತಲ್ ಗಂಡನ ಮುಖ ನೋಡಿದಳು. ಇಟಲಿಯವರ ಮೇಲೆ ಹೊರಿಸುವ ಮಾತು ಅವನ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡ.

"ತಪ್ಪು ನಂದ್ರೀ, ಮಾವಾರ. ನೀರು ಹೋಗೋ ತೂತು ನಾನೇ ಮುಚ್ಚಿದ್ದೆ."

ಶೀತಲ್ ಸೀರೆಯ ಅಂಚು ಹಿಂಡುವುದನ್ನು ಬಿಟ್ಟು ನಿಂತಳು. ಮದುವೆಯಾದಾಗಿನಿಂದ ಅವನ ಬಾಯಲ್ಲಿ 'ತಪ್ಪು ನಂದು' ಅನ್ನುವ ಮಾತು ಕೇಳಿರಲಿಲ್ಲ.

"ಈ ಗಾಡಿ ಮಾರಬ್ಯಾಡ್ರಿ," ಅಂದಳು. "ನನ್ನ ಕೈಲೆ ಆಗದ ಕೆಲಸ ಮಾಡೇದ ಇದು."