ಒಂದು ಗಂಟೆಯ ಬಸ್ಸು

ಹರವೆ ಕಡೆಯ ಚಿಕ್ಕ ಆಸ್ಪತ್ರೆಯಲ್ಲಿ ನಾನು ಗುಮಾಸ್ತನಾಗಿದ್ದಾಗ ಒಬ್ಬ ನರ್ಸಮ್ಮ ಇದ್ದರು. ಏನೇ ಹೇಳಲಿ, ನೋಟ್‌ಬುಕ್ ತಟ್ಟಿ, "ಮನೆಮನೇಲೂ ಕೇಳ್ಬುಟ್ಟೇ ಬಂದಿವ್ನಿ" ಅನ್ನುವರು.

ತಾಯಂದಿರು ಲಸಿಕೆಗೆ ಬರುತ್ತಿರಲಿಲ್ಲ. "ಜನಕ್ಕೆ ತಿಳಿವಳಿಕೆ ಸಾಲದು, ಮೈಕು ಕಟ್ಟಿಸೋಣ" ಎಂದರು ಚಾಮರಾಜನಗರದಿಂದ ಸಭೆಗೆ ಬಂದ ಸಾಹೇಬರು.

ನರ್ಸಮ್ಮ ನೋಟ್‌ಬುಕ್ ತಟ್ಟಿದರು. "ಬಸ್ ಬರಾದು ಒಂದ್ ಗಂಟ್ಗೆ ಸಾ, ನಾವು ಬಾಗ್ಲು ಆಕಾದು ಅನ್ನೆರಡ್ಕೆ. ಮನೆಮನೇಲೂ ಕೇಳ್ಬುಟ್ಟೇ ಬಂದಿವ್ನಿ."

"ಪುರಾವೆ ಎಲ್ಲಿದೆಯಮ್ಮ?" ಎಂದರು ಸಾಹೇಬರು.

ಅಷ್ಟರಲ್ಲಿ ಒಂದು ಗಂಟೆಯ ಬಸ್ಸು ಆಸ್ಪತ್ರೆ ಮುಂದೆ ಬಂದು ನಿಂತಿತು. ಇವತ್ತು ಬಾಗಿಲು ತೆಗೆದಿರುತ್ತದೆಂದು ನರ್ಸಮ್ಮ ಮೊದಲೇ ಊರೂರಲ್ಲಿ ಹೇಳಿಬಂದಿದ್ದರು. ಕೂಸುಗಳನ್ನೆತ್ತಿಕೊಂಡ ತಾಯಂದಿರು ಸಭೆಯೊಳಕ್ಕೇ ನುಗ್ಗಿದರು. ಒಬ್ಬಳು ಸೆರಗು ಸರಿಮಾಡಿಕೊಳ್ಳಲು ಕೂಸನ್ನು ಸಾಹೇಬರ ಮಡಿಲಲ್ಲಿಟ್ಟಳು. ಅದು ಅಲ್ಲೇ ಉಚ್ಚೆ ಹೊಯ್ದಿತು.

"ಬರ್ಕೊಳ್ರೀ! ನಾಳೆಯಿಂದ ಎರಡು ಗಂಟೆವರೆಗೂ ತೆಗೆದಿರಲಿ!" ಎಂದು ಸಾಹೇಬರು ಅರಚಿದರು.

ನರ್ಸಮ್ಮ ಕಿಟಕಿಯಾಚೆ ಇಣುಕಿದರು. "ಮೂರು ಅಂತ ಬರ್ಸಿ ಸಾ. ಇನ್ನೊಂದ್ ಬಸ್ಸೂ ತುಂಬ್ಕೊಂಡ್ ಬತ್ತಾ ಅದೆ."